ನೂರಾ ಆರು ತೋರಿಸಿದ ಬಿಳಿ

ಪುಡಿಗೆ ಬೆಳಕು ತೋರಿಸಿ ಸಂಬಳ ತೆಗೆದುಕೊಂಡವಳು ನಾನು. ಇಪ್ಪತ್ತೆಂಟು ವರ್ಷ ಮಾಡಿದ ಕೆಲಸವನ್ನು ನೆಂಟರಿಷ್ಟರಿಗೆ ವಿವರಿಸಲು ಹೋಗಿ ಪ್ರತಿ ಸಲವೂ ಸೋತಿದ್ದೇನೆ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ ನಮ್ಮ ಯಜಮಾನರೇ ಮುಂದೆ ಬಂದು, "ಕಾಲೇಜಲ್ಲಿ ಲ್ಯಾಬ್ ನೋಡ್ಕೋತಾಳೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಈಗ ನನ್ನ ಜಾಗಕ್ಕೆ ಬಂದಿರುವ ಹುಡುಗಿ, "ಮೇಡಂ, ಮೆಷೀನಿಂದು ಮ್ಯಾನ್ಯುಯಲ್ ಇದೆ, ಆದ್ರೆ ಕೆಲಸ ಹೇಗೆ ಅಂತ ಅದ್ರಲ್ಲಿಲ್ಲ. ಒಂದಿಷ್ಟು ಬರೆದುಕೊಡಿ" ಎಂದು ಕೇಳಿದ್ದಾಳೆ. ಅವಳಿಗಾಗಿ, ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಇಂಕ್ರಿಮೆಂಟುಗಳ ಕಥೆ ಇಲ್ಲಿಲ್ಲ. ಅವು ಬಂದಾಗ ಬಂದವು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಜಯನಗರದ ನಮ್ಮ ಕಾಲೇಜಿನ ಸಂಶೋಧನಾ ವಿಭಾಗದಲ್ಲಿ ಕಬ್ಬಿಣದ ಜೊತೆಗೆ ಸತುವನ್ನೋ ಕೋಬಾಲ್ಟನ್ನೋ ಸೇರಿಸಿ, ಸುಟ್ಟು, ಬಹಳ ನಯವಾದ ಆಕ್ಸೈಡ್ ಪುಡಿ ಮಾಡುತ್ತಿದ್ದರು. ಫೆರೈಟ್ ಎಂದು ಅದರ ಹೆಸರು. ಆಯಸ್ಕಾಂತ ಹಿಡಿದರೆ ಎದ್ದು ಬಂದು ಅಂಟಿಕೊಳ್ಳುವ ಜಾತಿ. ಆ ಪುಡಿಯನ್ನು ಒಂದು ಬಟ್ಟಲಲ್ಲಿ ಒತ್ತಿ, ಯಂತ್ರದಲ್ಲಿಟ್ಟು, ನೇರಳೆಯಿಂದ ಕೆಂಪಿನವರೆಗೆ ಒಂದೊಂದೇ ಬಣ್ಣದ ಬೆಳಕು ಬಿಟ್ಟು, ಎಷ್ಟು ವಾಪಸ್ ಬರುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಎಷ್ಟು ಎಂದರೆ ಯಾವುದಕ್ಕೆ ಹೋಲಿಸಿ? ಅದಕ್ಕೆ ಬೇರಿಯಂ ಸಲ್ಫೇಟ್ ಎಂಬ ಅಚ್ಚ ಬಿಳಿಯ ಪುಡಿ ಇರುತ್ತದೆ. ಅದು ವಾಪಸ್ ಕಳಿಸುವ ಬೆಳಕನ್ನು ನೂರು ಎಂದು ಹಿಡಿದು, ಮಿಕ್ಕ ಪುಡಿಗಳನ್ನೆಲ್ಲ ಅದರ ಪಕ್ಕದಲ್ಲಿ ಅಳೆಯುತ್ತೇವೆ. ಫೆರೈಟು ಕೆಂಪನ್ನು ಬಿಟ್ಟುಕೊಟ್ಟು ನೀಲಿಯನ್ನು ನುಂಗುತ್ತದೆ. ಎಲ್ಲಿಂದ ನುಂಗಲು ಶುರುಮಾಡುತ್ತದೆ ಎನ್ನುವುದರಿಂದ ಅದರ ‘ಬ್ಯಾಂಡ್ ಗ್ಯಾಪ್’ ಲೆಕ್ಕ ಹಾಕುತ್ತಾರೆ. ಒಳಗಿನ ಎಲೆಕ್ಟ್ರಾನನ್ನು ಮೇಲಕ್ಕೆ ಎಬ್ಬಿಸಲು ಬೆಳಕಿಗೆ ಕನಿಷ್ಠ ಎಷ್ಟು ಶಕ್ತಿ ಬೇಕು ಎಂಬ ಸಂಖ್ಯೆ ಅದು. ಒಂದೊಂದು ಪಿಎಚ್‌ಡಿ ಆ ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ.

ಸೇರಿದ ಮೊದಲ ತಿಂಗಳಲ್ಲೇ ನಾನು ಲ್ಯಾಬನ್ನು ಕೆಂಚಗೆ ಮಾಡಿದ್ದೆ. ಲೋಹದ ನೈಟ್ರೇಟುಗಳನ್ನು ಉರುವಲಿನ ಹಾಗೆ ಉರಿಯುವ ಗ್ಲೈಸೀನ್ ಜೊತೆ ನೀರಲ್ಲಿ ಕರಗಿಸಿ ಕುಲುಮೆಯಲ್ಲಿಟ್ಟರೆ ಅದು ಕುದಿದು, ನೊರೆ ಬಂದು, ತಾನೇ ಹೊತ್ತಿಕೊಂಡು ಪುಡಿಯಾಗುತ್ತದೆ. ದೊಡ್ಡ ಪಾತ್ರೆ ತೊಳೆಯುವುದಕ್ಕೆ ಸೋಮಾರಿತನವಾಗಿ ಚಿಕ್ಕದರಲ್ಲಿಟ್ಟೆ. ಪಾಯಸ ಉಕ್ಕಿದ ಹಾಗೆ ಉಕ್ಕಿ, ಬಾಗಿಲು ತೆಗೆದ ಕ್ಷಣ ಹಗುರವಾದ ಪುಡಿಯೆಲ್ಲ ಹಾರಿ ನೆಲ, ಮೇಜು, ನನ್ನ ಕೆನೆ ಬಣ್ಣದ ಸೀರೆ ಎಲ್ಲದರ ಮೇಲೂ ಕೂತಿತು. ಪೊರಕೆ ಹುಡುಕುತ್ತಿದ್ದಾಗ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಶ್ರೀಕಂಠಯ್ಯ ಮೇಷ್ಟ್ರು ಬಂದರು. ಬೈಯುತ್ತಾರೆ ಎಂದುಕೊಂಡೆ. ಕಾಗದ ಸುತ್ತಿದ ಒಂದು ಆಯಸ್ಕಾಂತ ಕೈಗೆ ಕೊಟ್ಟು, "ಗುಡಿಸ್ಬೇಡಮ್ಮ, ಇನ್ನೂ ಹಾರುತ್ತೆ. ಇದನ್ನ ತೋರ್ಸು, ತಾನೇ ಬರುತ್ತೆ" ಎಂದು ಹೋದರು. ಮಧ್ಯಾಹ್ನವೆಲ್ಲ ನೆಲದ ಮೇಲೆ ಕೂತು ಪುಡಿ ಹೆಕ್ಕಿದೆ. ಕಬ್ಬಿಣ ಕಂಡಲ್ಲಿ ಹೋಗಿ ಕೂರುವುದು ಈ ಪುಡಿಯ ಸ್ವಭಾವ ಎಂದು ನನಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ಮುಂದೆ ಏನು ಮಾಡಿದೆ ಎನ್ನುವುದೇ ಈ ಬರಹ.

ಮೇಷ್ಟ್ರು ನಿವೃತ್ತರಾದ ಮೇಲೆ ಬಂದ ಮುಖ್ಯಸ್ಥರಿಗೆ ಅಳತೆಗಿಂತ ಉತ್ತರದ ಮೇಲೆ ಪ್ರೀತಿ. ಆಗೆಲ್ಲ ಯಂತ್ರದಿಂದ ಗೆರೆ ಕಾಗದದ ಸುರುಳಿಯ ಮೇಲೆ ಬರುತ್ತಿತ್ತು. ಅದನ್ನು ಗ್ರಾಫಿಗೆ ಇಳಿಸಿ, ಏರುವ ಭಾಗಕ್ಕೆ ಸ್ಕೇಲ್ ಇಟ್ಟು ಪೆನ್ಸಿಲ್ ಗೆರೆ ಎಳೆದರೆ ಅದು ಕೆಳಗೆ ತಾಕಿದ ಜಾಗವೇ ಬ್ಯಾಂಡ್ ಗ್ಯಾಪ್. ಸ್ಕೇಲು ಕೂದಲೆಳೆಯಷ್ಟು ವಾಲಿದರೂ ಸಂಖ್ಯೆ ಬೇರೆ. ಆ ಮಹಾಶಯರು ಸ್ಕೇಲ್ ಹಿಡಿದು, "ಪುಸ್ತಕದಲ್ಲಿ ಎಷ್ಟಿದೆ?" ಎಂದು ಕೇಳಿ ಆಮೇಲೆ ಗೆರೆ ಎಳೆಯುತ್ತಿದ್ದರು. ಒಂದು ದಿನ ನಾನು ಅವರಿಗೆ, ಒಬ್ಬ ವಿದ್ಯಾರ್ಥಿಗೆ, ಜೆರಾಕ್ಸ್ ಅಂಗಡಿಯವನಿಗೆ ಒಂದೇ ಗ್ರಾಫ್ ಕೊಟ್ಟು ಗೆರೆ ಎಳೆಸಿದೆ. ಮೂರು ಉತ್ತರ ಬಂದವು, ಜೆರಾಕ್ಸ್‌ನವನದೇ ನೇರವಾಗಿತ್ತು. ಅದಾದ ಮೇಲೆ ಎರಡು ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಗೆರೆ ಅದೇ ಎಳೆಯುತ್ತದೆ, ಜಗಳ ತಪ್ಪಿತು. ಆದರೆ ಎಲ್ಲಿಂದ ಎಲ್ಲಿಗೆ ಎಳೆಯಬೇಕು ಎಂದು ಇವತ್ತಿಗೂ ಮನುಷ್ಯರೇ ಹೇಳಬೇಕು. ಇದನ್ನು ಹೊಸಬರು ನೆನಪಿಡಿ.

ನನ್ನ ಬಾಯಿ ಜೋರು. ವಿದ್ಯಾರ್ಥಿಗಳು ಹಿಂದಿನಿಂದ ನನ್ನನ್ನು ‘ಮಡಿ ಮೇಡಂ’ ಎನ್ನುತ್ತಿದ್ದರು. ನಮ್ಮದು ತುಮಕೂರು ಕಡೆಯ ಲಿಂಗಾಯತರ ಮನೆ. ಮಡಿ ಎಂದರೆ ನಮ್ಮತ್ತೆ ನಗುತ್ತಿದ್ದರು. ಆದರೆ ಲ್ಯಾಬಿನಲ್ಲಿ ಕೈ ತೊಳೆಯದೆ ಬಟ್ಟಲು ಮುಟ್ಟಿದವರಿಗೆ, ಒಬ್ಬರ ಸ್ಪ್ಯಾಚುಲಾ ಇನ್ನೊಬ್ಬರ ಪುಡಿಗೆ ಹಾಕಿದವರಿಗೆ ನಾನು ಮರ್ಯಾದೆ ಉಳಿಸುತ್ತಿರಲಿಲ್ಲ. ಅಳು ಬರಿಸಿದ್ದೂ ಉಂಟು. ಅಚ್ಚುಕಟ್ಟು ಎಂದರೆ ನಾನು, ನಾನು ಎಂದರೆ ಅಚ್ಚುಕಟ್ಟು ಎಂದು ಹೆಮ್ಮೆ ಪಡುತ್ತಿದ್ದೆ.

ಆ ಹೆಮ್ಮೆಗೆ ಒಂದು ರಿಜಿಸ್ಟರ್ ಆಧಾರ. ದಿನಾ ಬೆಳಿಗ್ಗೆ ಬೇರೇನೂ ಅಳೆಯುವ ಮೊದಲು ಬಿಳಿಯ ಬಟ್ಟಲನ್ನು ಯಂತ್ರದಲ್ಲಿಟ್ಟು ನೂರಕ್ಕೆ ಹೊಂದಿಸಿ, ಅದನ್ನೇ ಮತ್ತೊಮ್ಮೆ ಅಳೆಯಬೇಕು. ಗೆರೆ ನೂರರ ಮೇಲೆ ಮಲಗಿದ ಹಾಗೆ ಬಂದರೆ ಯಂತ್ರ ಸರಿ ಇದೆ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಶ್ರೀಕಂಠಯ್ಯ ಮೇಷ್ಟ್ರು ಹಾಕಿಕೊಟ್ಟ ಪದ್ಧತಿ. ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಅವರ ಪದ್ಧತಿಗೆ ಇನ್ನೊಂದು ಅರ್ಧ ಇತ್ತು: ಪ್ರತಿ ಸೋಮವಾರ ಹಳೆಯ ಬಿಳಿಯನ್ನು ಎಸೆದು ಹೊಸದನ್ನು ಒತ್ತಬೇಕು. ಬಿರುಕು ಬಿಡದ ಹಾಗೆ ಒತ್ತಲು ಅರ್ಧ ಬೆಳಿಗ್ಗೆ ಹೋಗುತ್ತದೆ. ಮೇಷ್ಟ್ರು ನಿವೃತ್ತರಾದ ಮೇಲೆ ಸೋಮವಾರ ಎನ್ನುವುದು ತಿಂಗಳಾಯಿತು, ಆಮೇಲೆ ಯಾವಾಗಲೋ ಆಯಿತು. ಕೊನೆಗೆ ಬಂದ ಹೊಸ ಬಾಟಲಿಯ ಪುಡಿ ಹೊರಗಿನಿಂದ ನೋಡಿಯೇ ಒರಟಾಗಿದೆ ಎನ್ನಿಸಿ ಅದನ್ನು ತೆರೆಯದೆ ಬೀರುವಿನಲ್ಲಿಟ್ಟೆ. ನನ್ನ ಹಳೆಯ ಬಟ್ಟಲನ್ನೇ ಮುಚ್ಚಿ, ಒರೆಸಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಪಾಡಿದೆ.

ನಿವೃತ್ತಿಗೆ ಆರು ವಾರ ಇತ್ತು. ಬಿಟಿಎಂ ಲೇಔಟಿನ ಪೀಜಿಯಿಂದ ಬರುತ್ತಿದ್ದ ಸಹನಾ ಎಂಬ ಎಂಎಸ್ಸಿ ಹುಡುಗಿ ತನ್ನ ಪ್ರಾಜೆಕ್ಟಿಗೆ ಸತುವಿನ ಆಕ್ಸೈಡ್ ತಂದಿದ್ದಳು. ಬಿಳಿಯ ಪುಡಿ. ಅಳೆಯಲು ಕೂತವಳು ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಮೇಡಂ, ನೀಲಿ ಹತ್ರ ನೂರಾ ಆರು ಬರ್ತಿದೆ."

"ನೂರರ ಮೇಲೆ ಬರಕ್ಕೆ ಅದೇನು ಟಾರ್ಚಾ? ಕಪ್ ಸರಿಯಾಗಿ ಕೂರ್ಸಿಲ್ಲ ನೀನು. ತೆಗಿ, ಮತ್ತೆ ಹಾಕು."

ಮತ್ತೆ ಹಾಕಿದಳು. ನೂರಾ ಆರು. ಪುಡಿ ಒತ್ತುವುದಕ್ಕೂ ಬರುವುದಿಲ್ಲವೇ, ಬರೀ ಫೋನ್ ಒತ್ತುವುದಕ್ಕೆ ಬರುತ್ತದೆಯೇ ಎಂದು ಬೈದು ನಾನೇ ಒತ್ತಿ ಇಟ್ಟೆ. ನೂರಾ ಆರು.

"ಮೇಡಂ, ಒಂದ್ವೇಳೆ ನಮ್ಮ ಬಿಳೀನೇ ಸ್ವಲ್ಪ..." ಎಂದು ಅವಳು ನಿಲ್ಲಿಸಿದಳು.

"ಸ್ವಲ್ಪ ಏನು?"

"ಏನಿಲ್ಲ ಮೇಡಂ."

ಅವಳದೇ ತಪ್ಪು ಎಂದು ತೋರಿಸಲು, ಬೇರೆ ಯಾವ ಒಳ್ಳೆಯ ಕಾರಣಕ್ಕೂ ಅಲ್ಲ, ಬೀರು ತೆಗೆದು ಹೊಸ ಬಾಟಲಿಯ ಸೀಲು ಒಡೆದೆ. ಹೊಸ ಬಿಳಿಯನ್ನು ಒತ್ತಿ ನನ್ನ ಬಟ್ಟಲಿನ ಪಕ್ಕ ಇಟ್ಟೆ. ಅಂಗಡಿಯಿಂದ ತಂದ ಪಂಚೆಯ ಪಕ್ಕ ವರ್ಷಗಟ್ಟಲೆ ಉಟ್ಟ ಪಂಚೆ ಇಟ್ಟ ಹಾಗಿತ್ತು. ಒಂಟಿಯಾಗಿ ನೋಡಿದಾಗ ಯಾವತ್ತೂ ಬಿಳಿಯಾಗಿಯೇ ಕಂಡಿದ್ದ ನನ್ನ ಬಿಳಿ ಕೆಂಚಗಾಗಿತ್ತು. ಹಳೆಯದನ್ನೇ ನೂರೆಂದು ಹಿಡಿದು ಹೊಸದನ್ನು ಅಳೆದರೆ ಅದೂ ನೀಲಿಯಲ್ಲಿ ನೂರಾ ಆರು, ಕೆಂಪಿಗೆ ಬರುತ್ತಾ ಸರಿಯಾಗಿ ನೂರು. ಆ ಗೆರೆಯ ಆಕಾರ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೆಂಟು ವರ್ಷ ನೋಡಿದ ಫೆರೈಟಿನ ಗೆರೆಯೇ, ತಲೆಕೆಳಗಾಗಿ.

ಎಲ್ಲಿಂದ ಬಂತು ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಟ್ಟಲಿನ ಮೇಲೆ ಪುಡಿ ಉದುರದಂತೆ ಹಿಡಿಯಲು ಒಂದು ಉಕ್ಕಿನ ಬಳೆ ಇರುತ್ತದೆ. ಫೆರೈಟ್ ಅಳೆದು ಅದೇ ಬಳೆಯನ್ನು ಒರೆಸಿ ಬಿಳಿಯ ಮೇಲೆ ಕೂರಿಸುತ್ತಿದ್ದೆ. ಬೇರೆ ಪುಡಿಯಾದರೆ ಒರೆಸಿದರೆ ಹೋಗುತ್ತದೆ. ಇದು ಉಕ್ಕಿಗೆ ಅಂಟಿಕೊಂಡೇ ಇದ್ದು ದಿನಕ್ಕಿಷ್ಟು ಕಣ್ಣಿಗೆ ಕಾಣದಷ್ಟು ಬಿಳಿಯ ಮೇಲೆ ಇಳಿದಿತ್ತು. ಬೆಳಗಿನ ಪರೀಕ್ಷೆಯಲ್ಲಿ ಏಕೆ ಸಿಕ್ಕಿಬೀಳಲಿಲ್ಲ? ಕೊಳಕನ್ನು ಅದೇ ಕೊಳಕಿಗೆ ಹೋಲಿಸಿದರೆ ಯಾವಾಗಲೂ ನೂರೇ ಬರುತ್ತದೆ. ವರ್ಷಪೂರ್ತಿ ದಿನಾ ಬೆಳಿಗ್ಗೆ ನಾನು ಆ ನೂರಕ್ಕೆ ಸಹಿ ಹಾಕಿದ್ದೆ.

ನಾಚಿಕೆಯಾಯಿತು. ನಾಚಿಕೆ ಮುಗಿಯುವ ಮೊದಲೇ ಭಯವಾಯಿತು, ಏಕೆಂದರೆ ಮಹದೇವ್ ನೆನಪಾದರು.

ಮಹದೇವ್ ಸಿದ್ದಾಪುರದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮನೆ ಗೊಟ್ಟಿಗೆರೆ. ನಲವತ್ತು ದಾಟಿದ ಮನುಷ್ಯ, ಪಾಠ ಮುಗಿಸಿ ಬೈಕಿನಲ್ಲಿ ನಮ್ಮ ಲ್ಯಾಬಿಗೆ ಬಂದು ವರ್ಷಗಟ್ಟಲೆ ಪಿಎಚ್‌ಡಿ ಮಾಡುತ್ತಿದ್ದರು. ಸತುವಿನ ಫೆರೈಟಿಗೆ ಕೋಬಾಲ್ಟ್ ಹೆಚ್ಚಿಸುತ್ತಾ ಹೋದ ಹಾಗೆ ಬ್ಯಾಂಡ್ ಗ್ಯಾಪ್ ಇಳಿಯುತ್ತದೆ ಎನ್ನುವುದು ಅವರ ಪ್ರಬಂಧ. ಒಟ್ಟು ಆರು ಪುಡಿ. ಕೋಬಾಲ್ಟ್ ಇಲ್ಲದ್ದು ಮೊದಲು, ಹೆಚ್ಚಿರುವುದು ಕೊನೆಗೆ, ಹೀಗೆ ಒಂದೊಂದಾಗಿ ಒಂದು ವರ್ಷದಲ್ಲಿ ಮಾಡಿ ಅದೇ ಕ್ರಮದಲ್ಲಿ ನನ್ನ ಕೈಲಿ ಅಳೆಸಿದ್ದರು. ಅದೇ ವರ್ಷ, ಅದೇ ಕ್ರಮದಲ್ಲಿ ನನ್ನ ಬಿಳಿ ಕೆಡುತ್ತಾ ಹೋಗಿತ್ತು. ಪುಡಿ ಬದಲಾಗದೆ ಬರೀ ಬಿಳಿ ಕೆಂಚಗಾದರೂ ಸಾಕು, ಲೆಕ್ಕದಲ್ಲಿ ಬ್ಯಾಂಡ್ ಗ್ಯಾಪ್ ಇಳಿದ ಹಾಗೇ ಕಾಣುತ್ತದೆ. ಹಾಗಾದರೆ ಇಳಿದದ್ದು ಅವರ ಪುಡಿಯೋ, ನನ್ನ ಬಟ್ಟಲೋ? ಪ್ರಬಂಧ ಒಪ್ಪಿಸಿ ಆಗಿತ್ತು. ವೈವಾಕ್ಕೆ ಮೂರು ವಾರ ಇತ್ತು. ಅವರ ನೋಂದಣಿಯ ಅವಧಿ ಮುಗಿಯುತ್ತಾ ಬಂದಿತ್ತು, ಇನ್ನೊಂದು ಸಲ ಎನ್ನುವುದು ಇರಲಿಲ್ಲ.

ಬನಶಂಕರಿಯ ನಮ್ಮ ಮನೆಯಲ್ಲಿ ಶನಿವಾರ, ಭಾನುವಾರ ಎರಡೂ ದಿನ ಸಾರಿಗೆ ಉಪ್ಪು ಮರೆತೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಆರು ವಾರ ಕಳೆದರೆ ನಾನು ಹೊರಗೆ ಎಂಬ ಯೋಚನೆ ಬಂದಿತ್ತು. ಬಂದೇ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಯಜಮಾನರು ಕಾಫಿ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡು, "ಹೇಳಿದ್ರೆ ನಿನ್ನ ಮರ್ಯಾದೆ ಹೋಗುತ್ತೆ. ಹೇಳ್ದೇ ಇದ್ರೆ ನಿನ್ನ ಜೊತೆ ಬಾಳೋ ನನ್ನ ನೆಮ್ಮದಿ ಹೋಗುತ್ತೆ. ಸೋಮವಾರ ಹೋಗಿ ಹೇಳ್ಬಿಡು ಮಾರಾಯ್ತಿ" ಎಂದರು.

ಆಗ ವಿಭಾಗದ ಮುಖ್ಯಸ್ಥೆಯಾಗಿದ್ದ ಡಾಕ್ಟರ್ ವಿಮಲಾ ಅವರೇ ಮಹದೇವರ ಗೈಡು. ನನಗಿಂತ ಹದಿನೈದು ವರ್ಷ ಚಿಕ್ಕವರು. ಎರಡು ಬಟ್ಟಲನ್ನೂ ಅವರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದಾಗ, ಮುಚ್ಚಿಹಾಕಿ ಎನ್ನುತ್ತಾರೆ ಎಂದುಕೊಂಡೆ. ಅವರು ಬಟ್ಟಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಅವರ ಪುಡಿ ಉಳಿದಿದ್ಯಾ?"

"ಗೊತ್ತಿಲ್ಲ ಮೇಡಂ."

"ಉಳಿದಿದ್ರೆ ಮತ್ತೆ ಅಳೆಯೋಣ. ಉಳಿದಿಲ್ದಿದ್ರೆ ಆಮೇಲೆ ಅಳೋಣ. ಅವರಿಗೆ ಫೋನ್ ಮಾಡಿ."

ಮಹದೇವ್ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಕೇಳಿಸಿಕೊಂಡರು. ಬೈಯಲಿ, ಕೂಗಾಡಲಿ ಎಂದು ಕಾದೆ. "ಮೇಡಂ, ಈಗ ರಿಜೆಕ್ಟ್ ಆದ್ರೆ ನಂಗೆ ಮತ್ತೆ ಮಾಡಕ್ಕಾಗಲ್ಲ" ಎಂದರು, ಅಷ್ಟೇ. ಪುಡಿಗಳು ಉಳಿದಿದ್ದವು. ಹೆಂಡತಿಯ ಉಪ್ಪಿನಕಾಯಿ ಭರಣಿಗಳ ಹಿಂದೆ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಇಟ್ಟಿದ್ದರಂತೆ. ಆರನೆಯದು ಮಾತ್ರ ಒಂದು ಚಿಟಿಕೆ.

ಈ ಸಲ ಎಲ್ಲವನ್ನೂ ಸರಿಯಾಗಿ ಮಾಡಿದೆವು. ಉಕ್ಕಿನ ಬಳೆ ತೆಗೆದು ಹಿತ್ತಾಳೆಯದು ಮಾಡಿಸಿದೆವು. ಪ್ರತಿ ಅಳತೆಗೂ ಹೊಸ ಬಿಳಿ. ವಿಮಲಾ ಮೇಡಂ ಸೀಸೆಗಳ ಚೀಟಿ ಕಿತ್ತು, ಬೇರೆ ಅಕ್ಷರ ಅಂಟಿಸಿ, ಸೀಸೆಗಳನ್ನು ಹಿಂದುಮುಂದು ಮಾಡಿ ಕೊಟ್ಟರು. ಯಾವುದು ಯಾವುದೆಂದು ಅಳೆಯುವ ನನಗೂ ಗೊತ್ತಿಲ್ಲ, ನೋಡುತ್ತಾ ನಿಂತ ಮಹದೇವರಿಗೂ ಗೊತ್ತಿಲ್ಲ. ಚಿಟಿಕೆಯಷ್ಟಿದ್ದ ಪುಡಿ ಬಟ್ಟಲು ತುಂಬುವುದಿಲ್ಲವೆಂದು, ಚೀಟಿ ಕೀಳುವ ಮೊದಲೇ, ಆರರಿಂದಲೂ ಒಂದೊಂದೇ ಚಿಟಿಕೆ ತೆಗೆದು ಒಂದೇ ಪ್ರಮಾಣದಲ್ಲಿ ಬಿಳಿಯ ಪುಡಿಯೊಂದಿಗೆ ಬೆರೆಸಿ ಅರೆದಿದ್ದೆ. ಆರನೆಯದರ ಆ ಚಿಟಿಕೆಯನ್ನು ಕಲ್ಬತ್ತಿಗೆ ಹಾಕುವ ಮೊದಲು ಸಹನಾಳನ್ನು ಕರೆದು, "ಬಾಗಿಲು ಹಾಕಮ್ಮ, ಫ್ಯಾನ್ ಆರ್ಸು" ಎಂದೆ. ಮೃದುವಾಗಿ ಹೇಳಿದೆ ಎಂದು ಕಾಣುತ್ತದೆ, ಅವಳು ತಿರುಗಿ ನೋಡಿದಳು.

ಗೆರೆಗಳು ಬಂದವು. ಲೆಕ್ಕ ಮಾಡಿದ್ದಾಯಿತು. ವಿಮಲಾ ಮೇಡಂ ತಮ್ಮ ಚೀಟಿ ಬಿಚ್ಚಿ ಅಕ್ಷರಕ್ಕೆ ಸರಿಯಾಗಿ ಹೆಸರು ಬರೆಯುತ್ತಾ ಹೋದರು. ಒಂದನೆಯದು ಎಲ್ಲಕ್ಕಿಂತ ಮೇಲೆ. ಎರಡು ಅದಕ್ಕಿಂತ ಕೆಳಗೆ. ಮೂರು, ನಾಲ್ಕು ಹೆಚ್ಚು ಕಡಿಮೆ ಒಂದೇ ಮಟ್ಟ. ಐದು ಕೆಳಗೆ. ಆರು ಇನ್ನೂ ಕೆಳಗೆ. ಮೊದಲು ಬರೆದಿದ್ದ ಇಳಿತದಲ್ಲಿ ಸುಮಾರು ಅರ್ಧ ನನ್ನ ಬಟ್ಟಲಿನದು. ಉಳಿದರ್ಧ ಕೋಬಾಲ್ಟಿನದೇ, ಅದು ನಿಜವಾಗಿಯೂ ಇತ್ತು.

"ಇಳೀತಿದೆ" ಎಂದರು ಮಹದೇವ್. ಮತ್ತೊಮ್ಮೆ, "ಇಳೀತಿದೆ ಮೇಡಂ" ಎಂದರು. ನಾನು ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಇಷ್ಟು ಹಗುರವಾಗಿ ನಾನು ಹೆರಿಗೆ ವಾರ್ಡಿನಲ್ಲೂ ಅತ್ತಿರಲಿಲ್ಲ.

ವೈವಾ ದಿನ ಮಹದೇವ್ ಮೊದಲ ಹತ್ತು ನಿಮಿಷವನ್ನು ತಪ್ಪಿಗೇ ಇಟ್ಟರು. ಹಳೆಯ ಗ್ರಾಫು, ಹೊಸ ಗ್ರಾಫು, ಕೆಂಚು ಬಟ್ಟಲಿನ ಫೋಟೋ, ಎಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ತೆಗೆದು, "ಇದನ್ನ ನೀವು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ" ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು, ಮುಗಿಯಿತು ಎಂದುಕೊಂಡೆ. ಅವರು ಕನ್ನಡಕ ಹಾಕಿಕೊಂಡು, "ತಿದ್ದಿದ ಅಧ್ಯಾಯ ಸೇರಿಸಿ ಕೊಡಿ, ಡಾಕ್ಟರ್ ಮಹದೇವ್" ಎಂದು ಕೈ ಕುಲುಕಿದರು.

ಆಮೇಲೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಖಾರಾಬಾತ್, ಕಾಫಿ. ಜನ ಕರಗಿದ ಮೇಲೆ ಮಹದೇವ್ ನನ್ನ ಎದುರು ಬಂದು ಕೂತು, ಚೀಲದಿಂದ ತಮ್ಮ ಹಳೆಯ ನೋಟ್‌ಬುಕ್ ತೆಗೆದು ಒಂದು ಪುಟ ತೋರಿಸಿದರು. ಪುಟದ ಮೇಲೆ ಅಡ್ಡ ಗೀಟು ಎಳೆದಿತ್ತು.

"ಐದನೇದು ಅಳೆಸಿದ ದಿನ ಒಂದನೇ ಪುಡೀನೂ ತಂದು ಇನ್ನೊಂದ್ಸಲ ಹಾಕ್ಸಿದ್ದೆ ಮೇಡಂ, ಸುಮ್ನೆ ಚೆಕ್ ಮಾಡೋಣ ಅಂತ. ಮೊದಲು ಬಂದಿದ್ದಕ್ಕಿಂತ ಎಷ್ಟೋ ಕೆಳಗೆ ಬಂತು."

ನಾನು ಆ ಪುಟವನ್ನೇ ನೋಡಿದೆ. ಯಂತ್ರದಿಂದ ಫೈಲು ತೆಗೆದು ಕೊಡುವುದಷ್ಟೇ ನನ್ನ ಕೆಲಸವಾಗಿತ್ತು, ಲೆಕ್ಕ ಅವರದು. ಹಾಗಾಗಿ ಅವತ್ತು ನನಗೆ ಇದು ಕಾಣಲಿಲ್ಲ. ಒಂದೇ ಪುಡಿ, ಎರಡು ದಿನ, ಎರಡು ಉತ್ತರ. ಬಟ್ಟಲು ಕೆಟ್ಟಿದೆ ಎಂದು ಅದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಅವತ್ತೇ ಗೊತ್ತಾಗಿದ್ದರೆ ತಪ್ಪು ಪ್ರಬಂಧದವರೆಗೆ ಹೋಗುತ್ತಲೇ ಇರಲಿಲ್ಲ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನೇ ಸೀಸೆ ಅದಲು ಬದಲು ಮಾಡಿರ್ಬೇಕು ಅನ್ಕೊಂಡೆ. ನಿಮ್ಮ ಲ್ಯಾಬಲ್ಲಿ ತಪ್ಪಾಗುತ್ತಾ ಮೇಡಂ?" ಅವರು ಕಾಫಿ ಲೋಟವನ್ನು ಮೇಜಿನ ಮೇಲೆ ಆಚೀಚೆ ಸರಿಸಿದರು. "ನಿಮ್ಮ ಬಾಗಿಲ ತನಕ ಬಂದಿದ್ದೆ. ಬೈತೀರಿ ಅಂತ ವಾಪಸ್ ಹೋದೆ."

ಹೌದು, ಬೈಯುತ್ತಿದ್ದೆ. ಚೆನ್ನಾಗಿಯೇ ಬೈಯುತ್ತಿದ್ದೆ. ಬೈದಾದ ಮೇಲೆ ಎದ್ದು ಮತ್ತೆ ಅಳೆದೂ ಅಳೆಯುತ್ತಿದ್ದೆ. ಆದರೆ ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆ ನಾನು ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಯಾರ ಜೊತೆಗೂ ನಡೆದುಕೊಂಡಿರಲಿಲ್ಲ.